ಸಭೆಯೊಳಗಿನ ದುರ್ಬೋಧನೆಯನ್ನು ಪರೀಕ್ಷಿಸುವ ಬಗೆ

ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ದುರ್ಬೋಧನೆ, ಅಂದರೆ ತಪ್ಪು ಬೋಧನೆ, ಎಂದೊಡನೆ ಕ್ರಿಸ್ತನ ದೈವತ್ವವನ್ನು ಬಹಿರಂಗವಾಗಿ ಅಲ್ಲಗಳೆಯುವವರೇ ನೆನಪಾಗುವುದುಂಟು. ಅಂಥವರನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ; ಕ್ರಿ.ಶ. 325ರಲ್ಲಿ ನಿಕಾಯದಲ್ಲಿ ಸೇರಿದ ಬಿಷಪರ ಮಹಾಸಭೆ, ಕ್ರಿಸ್ತನು ಸೃಷ್ಟಿಯಾದವನೆಂದ ಅರಿಯಸನ ಬೋಧನೆಯನ್ನು ತಳ್ಳಿಹಾಕಿದ ಮೇಲೆ ಅಳತೆಗೋಲೊಂದು ಸಭೆಗಳ ಕೈಯಲ್ಲಿದೆ. ಹೆಚ್ಚು ಅಪಾಯವಿರುವುದು, ಆಗಲೇ ಮಾಡಿಕೊಂಡ ನೈತಿಕ ರಾಜಿಗೆ ಸಮರ್ಥನೆಯಾಗಿ ಹುಟ್ಟಿಕೊಳ್ಳುವ ಬೋಧನೆಯಲ್ಲಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2ನೆಯ ಅಧ್ಯಾಯದ ಪೆರ್ಗಮ ಸಭೆ, ಅಂತಿಪನೆಂಬ ನಂಬಿಗಸ್ತ ಸಾಕ್ಷಿ ಕೊಲೆಯಾದ ದಿನಗಳಲ್ಲಿಯೂ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ಆದರೂ ಬಿಳಾಮನ ಬೋಧನೆಯನ್ನು ಹಿಡಿದವರು ಅದರೊಳಗೇ ಇದ್ದರು. ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲ್ಯರನ್ನು ಶಪಿಸಲು ಕರೆಸಲ್ಪಟ್ಟು ಶಪಿಸಲಾರದೆ ಹೋದ ಆ ಬಿಳಾಮನ ಸಲಹೆಯಿಂದಲೇ ಜನರು ಜಾರತ್ವಕ್ಕೂ ವಿಗ್ರಹಾರಾಧನೆಗೂ ಬಿದ್ದರೆಂದು ಅರಣ್ಯಕಾಂಡ 31:16ರಿಂದ ತಿಳಿಯುತ್ತದೆ. ಆದ್ದರಿಂದ ಯಾವುದೇ ಬೋಧನೆಯನ್ನು ಪರೀಕ್ಷಿಸಲು ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾರ ಯಾವ ನಡತೆಗೆ ಅನುಕೂಲ ಮಾಡಿಕೊಡುತ್ತಿದೆ ಎಂಬುದು.

ಎರಡನೆಯ ಕೆಲಸ ವಾಕ್ಯವನ್ನು ಅದರ ಸ್ಥಳದಲ್ಲಿಟ್ಟು ಓದುವುದು. ಪೌಲನಂಥ ಅಪೊಸ್ತಲನು ಹೇಳಿದ್ದನ್ನೂ ಬೆರೋಯ ಊರಿನವರು ಪ್ರತಿದಿನ ಶಾಸ್ತ್ರದೊಡನೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರು ಅಪೊಸ್ತಲರ ಕೃತ್ಯಗಳು 17:11ರಲ್ಲಿ ಹೊಗಳಿಸಿಕೊಂಡರೇ ಹೊರತು ಬೈಸಿಕೊಳ್ಳಲಿಲ್ಲ. ಪ್ರಸಂಗವನ್ನು, ಅಂದರೆ ಬೋಧಕರ ಉಪದೇಶವನ್ನು, ಕೇಳುವಾಗ ಉಲ್ಲೇಖಿಸಿದ ವಚನಗಳನ್ನು ಬರೆದುಕೊಂಡು, ಮನೆಗೆ ಬಂದು ಆಯಾ ಅಧ್ಯಾಯಗಳನ್ನು ಪೂರ್ತಿಯಾಗಿ ಓದಿರಿ. ನಾಯಕರನ್ನು ಪ್ರಶ್ನಿಸಬಾರದು ಎನ್ನುವವರು ಬಳಸುವ, ‘ಅಭಿಷಿಕ್ತರನ್ನು ಮುಟ್ಟಬಾರದು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅದು 105ನೆಯ ಕೀರ್ತನೆಯದು. ಅಲ್ಲಿ ದೇವರು ಎಚ್ಚರಿಸುವುದು ಅರಸರನ್ನು. ಕಾಪಾಡುವುದು, ಪರದೇಶಿಗಳಾಗಿ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರನ್ನು. ದುರ್ಬಲರನ್ನು ಬಲಿಷ್ಠರಿಂದ ರಕ್ಷಿಸಿದ ಮಾತನ್ನು ಬಲಿಷ್ಠರ ಗುರಾಣಿ ಮಾಡಿಕೊಂಡಿರುವುದು ನನ್ನ ಮಟ್ಟಿಗೆ ದುರ್ಬೋಧನೆಯೇ ಸರಿ. ಹಾಗೆಯೇ ‘ತೀರ್ಪು ಮಾಡಬೇಡಿರಿ’ ಎಂಬ ಮತ್ತಾಯ 7ನೆಯ ಅಧ್ಯಾಯದ ವಚನವನ್ನು ತೋರಿಸಿ ಬಾಯಿ ಮುಚ್ಚಿಸುವವರು, ಸುಳ್ಳು ಪ್ರವಾದಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಅದೇ ಅಧ್ಯಾಯ ಹೇಳುವುದನ್ನು ಓದದೆ ಬಿಡುತ್ತಾರೆ.

ಒಂದೇ ಪ್ರಸಂಗದಿಂದ ತೀರ್ಮಾನಕ್ಕೆ ಬರಬಾರದು, ಏಕೆಂದರೆ ತಪ್ಪು ಹೆಚ್ಚಾಗಿ ಅಡಗಿರುವುದು ಹೇಳದೆ ಬಿಟ್ಟದ್ದರಲ್ಲಿ. ಕೆಲವು ತಿಂಗಳ ಟಿಪ್ಪಣಿಗಳನ್ನು ಒಟ್ಟಿಗೆ ತಿರುವಿ ಹಾಕಿದಾಗ, ಕೃಪೆಯ ಮಾತು ಎಲ್ಲೆಡೆಯೂ ಇದ್ದು ಪಶ್ಚಾತ್ತಾಪದ ಮಾತು ಎಲ್ಲಿಯೂ ಇಲ್ಲದಿದ್ದರೆ, ದೇವರ ಕೃಪೆಯನ್ನು ಸ್ವೇಚ್ಛಾಚಾರಕ್ಕೆ ನೆಪ ಮಾಡಿಕೊಳ್ಳುವವರ ಬಗ್ಗೆ ಯೂದನು ತನ್ನ ಪತ್ರಿಕೆಯಲ್ಲಿ ಬರೆದ ನಾಲ್ಕನೆಯ ವಚನವನ್ನು ನೆನೆಯಬೇಕು. ಬಡವರ ಪಾಪಗಳನ್ನು ಹೆಸರಿಟ್ಟು ಖಂಡಿಸುವ ವೇದಿಕೆ ಕಾಣಿಕೆ ಕೊಡುವ ಸಿರಿವಂತರ ಪಾಪಗಳ ವಿಷಯದಲ್ಲಿ ಮೌನವಾಗಿದ್ದರೆ, ಅದೂ ಗಮನಿಸಬೇಕಾದ ಸಂಗತಿ.

ಹಣದ ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಪೌಲನು ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡನು (2 ಕೊರಿಂಥ 8:19-21).

ಅನುಮಾನ ಗಟ್ಟಿಯಾದ ಮೇಲೆ ಮಾತನಾಡುವ ಕ್ರಮವೂ ಮುಖ್ಯ. ತಿಳಿಯದೆ ತಪ್ಪಿದವರಿಗೂ ತಿಳಿದೇ ದಾರಿ ತಪ್ಪಿಸುವವರಿಗೂ ವ್ಯತ್ಯಾಸವಿದೆ. ಅಪೊಲ್ಲೋಸನೆಂಬ ಬೋಧಕನ ಬೋಧನೆ ಅಪೂರ್ಣವಾಗಿದ್ದಾಗ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ತಮ್ಮಲ್ಲಿಗೆ ಕರೆದುಕೊಂಡು ಹೋಗಿ ವಿವರಿಸಿದರು. ಆದರೆ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಊಟ ಮಾಡುವುದನ್ನು ಬಿಟ್ಟ ಪೇತ್ರನ ನಡತೆ ಎಲ್ಲರ ಕಣ್ಣೆದುರೇ ಇತರರನ್ನು ಕಪಟಕ್ಕೆ ಎಳೆದಾಗ ಪೌಲನು ಎಲ್ಲರ ಮುಂದೆಯೇ ಎದುರಿಸಿದನು. ಮೊದಲು ಸಂಬಂಧಪಟ್ಟವರೊಡನೆ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಯ ಮುಂದೆ ಎಂಬ ಮತ್ತಾಯ 18ರ ಕ್ರಮ ಸಾಮಾನ್ಯವಾಗಿ ಸಾಕು. ಸಭೆಯನ್ನು ನಡೆಸುವ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕೆಂಬುದನ್ನೂ, ಪಾಪದಲ್ಲಿ ಮುಂದುವರಿಯುವ ಹಿರಿಯರನ್ನು ಎಲ್ಲರ ಮುಂದೆ ಗದರಿಸಬೇಕೆಂಬುದನ್ನೂ 1 ತಿಮೊಥೆಯ 5:19-20 ಸೇರಿಸುತ್ತದೆ. ಮಕ್ಕಳ ಮೇಲಿನ ದೌರ್ಜನ್ಯ, ಲೈಂಗಿಕ ಶೋಷಣೆಯಂಥ ಅಪರಾಧಗಳಿಗೆ ಮಾತ್ರ ಈ ಕ್ರಮವನ್ನು ಹಚ್ಚಲೇಬಾರದು. ಅವು ನೇರವಾಗಿ ಪೊಲೀಸರಿಗೆ ಹೋಗಬೇಕು; ನೊಂದವರನ್ನು ಅಪರಾಧಿಯೊಡನೆ ಏಕಾಂತದಲ್ಲಿ ಮಾತನಾಡಲು ಕಳುಹಿಸುವ ಸಭೆ ಇನ್ನೊಂದು ತಪ್ಪನ್ನು ಮಾಡುತ್ತದೆ.

ಇಷ್ಟೆಲ್ಲ ಮಾಡುವವರಿಗೂ ಒಂದು ಅಪಾಯವಿದೆ. ಅದೇ ಪ್ರಕಟನೆ 2ರ ಎಫೆಸ ಸಭೆ ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಕಂಡುಕೊಂಡಿತು, ಆದರೆ ಮೊದಲಿನ ಪ್ರೀತಿಯನ್ನು ಬಿಟ್ಟಿತು. ಊಟ, ಹಬ್ಬದ ದಿನಗಳಂಥ ಭಿನ್ನಾಭಿಪ್ರಾಯಗಳನ್ನು ರೋಮಾಪುರ 14 ಅವರವರ ಮನಸ್ಸಾಕ್ಷಿಗೆ ಬಿಟ್ಟಿರುವಾಗ ಅವನ್ನೂ ದುರ್ಬೋಧನೆಯ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಎಲ್ಲ ಹೇಳಿಯೂ ಏನೂ ಬದಲಾಗದೆ ಸಭೆಯನ್ನು ಬಿಡಲೇಬೇಕಾಗಿ ಬಂದರೆ, ಕಾರಣವನ್ನು ವಚನಗಳ ಸಮೇತ ಹಿರಿಯರಿಗೆ ಲಿಖಿತವಾಗಿ ತಿಳಿಸಿ, ದಿನಾಂಕ ಹಾಕಿ, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಅದೇ ಪ್ರಶ್ನೆಯನ್ನು ಮುಂದೆ ಕೇಳುವ ಸದಸ್ಯನಿಗೆ, ಈ ಮೊದಲು ಯಾರೂ ಹೇಳಿಯೇ ಇಲ್ಲವೆಂದು ಉತ್ತರಿಸಲು ಆಗ ಯಾರಿಗೂ ಸಾಧ್ಯವಾಗದು.