ಧೂಳು ಬಿತ್ತಿ ಜರಿಗಿಡ ಎಬ್ಬಿಸಿದ್ದು

ಬರ್ಡ್ಸ್ ನೆಸ್ಟ್ ಜರಿಗಿಡವನ್ನು ನೆಫ್ರೋಲೆಪಿಸ್ ಅನ್ನೋ ಮಾಮೂಲಿ ಜರಿಗಿಡದ ಥರ ಬುಡ ಒಡೆದು ನೆಡೋಕೆ ಆಗಲ್ಲ, ಗೊತ್ತಲ್ಲ. ಎಲೆಯಡಿಯಿಂದ ಉದುರುವ ಧೂಳಿನಂಥ ಸ್ಪೋರ್‌ನಿಂದಲೇ ಎಬ್ಬಿಸಬೇಕು. "ಅದಕ್ಕೆ ಲ್ಯಾಬ್ ಬೇಕು ಭಾವ, ಧೂಳು ಬಿತ್ತಿದರೆ ಧೂಳೇ ಬರ್ತದೆ" ಅಂತ ಪೆರ್ಲ ಪೇಟೆಯಲ್ಲಿ ನಕ್ಕವರಿದ್ದಾರೆ. ಈಗ ನಮ್ಮ ಹಟ್ಟಿಯ ಹಿಂದೆ ಸುಮಾರು 300 ಗಿಡ ಇವೆ. ಬಂದು ಎಣಿಸಬಹುದು.

ಮೊದಲ ಸಲ ಕೆಟ್ಟದ್ದು ಫ್ಯಾನಿನಿಂದ. ಎಲೆಯಡಿಯ ಓರೆ ಗೀಟುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಬಿಳಿ ಕಾಗದದ ಮೇಲೆ ಕವುಚಿ ಇಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಒಳ್ಳೆ ಹುಡಿ ಉದುರಿತ್ತು. ಅಷ್ಟರಲ್ಲಿ ಮಗ ಬಂದು ಸ್ವಿಚ್ ಒತ್ತಿದ. ಅಷ್ಟೇ.

ಎರಡನೇ ಸಲ ಸೋಮಾರಿತನ. ಬಿತ್ತೋ ತೆಂಗಿನ ನಾರಿನ ಹುಡಿಗೆ ಕುದಿನೀರು ಹೊಯ್ಯದೆ ಬಾವಿ ನೀರೇ ಹಾಕಿದೆ. ಒಂದು ಕಡೆ ಪಾಚಿ, ಇನ್ನೊಂದು ಕಡೆ ಬೂಸು. ಡಬ್ಬಿ, ಹುಡಿ, ಸ್ಪ್ರೇ ಬಾಟಲಿ ಎಲ್ಲ ಸೇರಿ 1,800 ರೂಪಾಯಿ ಹೋಯಿತು.

ಮೂರನೇ ಸಲದ್ದೇ ನಿಜವಾದ ಪಾಠ. ಒಂದೂವರೆ ತಿಂಗಳಿಗೆ ಹಸಿರು ಹಸಿರು ಹೃದಯದಾಕಾರದ ತುಣುಕುಗಳು ಬಂದವು, ಉಗುರಿಗಿಂತ ಸಣ್ಣವು, ಗಾಜಿನ ಹಾಗೆ ತೆಳು. ಆಮೇಲೆ ನಾಲ್ಕೈದು ತಿಂಗಳು ಏನೂ ಇಲ್ಲ! ಬೂಸಿನ ಹೆದರಿಕೆಗೆ ನಾನು ಕೆಳಗಿನಿಂದ ಮಾತ್ರ ನೀರು ಕುಡಿಸುತ್ತಿದ್ದೆ, ಅದೇ ತಪ್ಪು. ಆ ತುಣುಕಿನ ಗಂಡುಕಣ ನೀರಿನಲ್ಲಿ ಈಜಿಯೇ ಹೆಣ್ಣುಕಣಕ್ಕೆ ಮುಟ್ಟಬೇಕು, ಆಗಲೇ ಗಿಡ. ಈಜೋದಕ್ಕೆ ನೀರೇ ಇಲ್ಲದಿದ್ದರೆ? ಕುದಿಸಿ ಆರಿಸಿದ ಮಳೆನೀರನ್ನು ಮಂಜಿನ ಹಾಗೆ ಮೇಲಿಂದ ಸಿಂಪಡಿಸಿದೆ. ತಿಂಗಳು ಚಿಲ್ಲರೆಯಲ್ಲಿ ಹೃದಯದ ಅಡಿಯಿಂದ ಮೊದಲ ಎಲೆ ಇಣುಕಿತು. ಹೆಂಡತಿಯನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದೆ. "ಇಷ್ಟೇಯಾ?" ಅಂದಳು.

ಸುಮ್ನೆ ಕುತೂಹಲಕ್ಕೆ ಒಂದು ನೆಫ್ರೋಲೆಪಿಸ್ ಎಲೆಯನ್ನು ಕೊಯ್ದು ಕೆಂಪು ಇಂಕಿನಲ್ಲಿಟ್ಟೆ. ಮಧ್ಯಾಹ್ನದೊಳಗೆ ನರಗಳಲ್ಲಿ ಕೆಂಪು ಏರಿತ್ತು. ಹೃದಯದ ತುಣುಕಿಗೆ ನೀರು ಏರಿಸುವ ಆ ನಾಳಗಳೇ ಇಲ್ಲ, ಒದ್ದೆ ನೆಲಕ್ಕೆ ಅಂಟಿಕೊಂಡೇ ಬದುಕಬೇಕು. ಅದು ಗೊತ್ತಾದ ಮೇಲೆ ಡಬ್ಬಿಯ ಮುಚ್ಚಳ ತೆಗೆಯೋ ಆತುರ ಬಿಟ್ಟೆ, ಎಳೆ ಗಿಡ ಸಾಯೋದು ತುಂಬಾ ಕಡಿಮೆ ಆಯಿತು.

ಅಂಗೈ ಅಗಲದ ಗಿಡ 60 ರೂಪಾಯಿಗೆ ಹೋಗುತ್ತದೆ. ಕಳೆದ ಮಳೆಗಾಲ ನೂರರ ಹತ್ತಿರ ಕೊಟ್ಟೆ, ಹಾಕಿದ ದುಡ್ಡು ಬಂತು. ನಾರಿನ ಹುಡಿಗೆ ಏನು ಬೆರೆಸುತ್ತೇನೆ ಅಂತ ಮಾತ್ರ ಕೇಳಬೇಡಿ.

ಈಗ ಕೈಗೆ ಒತ್ತಿದರೆ ಬಿಳಿ ಅಚ್ಚು ಬೀಳುತ್ತಲ್ಲ, ಆ ಜರಿಗಿಡವನ್ನು ಮುರಕಲ್ಲಿನ ಹುಡಿ ಮೇಲೆ ಬಿತ್ತಿದ್ದೇನೆ. ಅದಕ್ಕೆ ಯಾರೂ ಐದು ರೂಪಾಯಿ ಕೊಡಲ್ಲ. ಹಸಿರು ಕಂಡಿದೆ, ಹೃದಯ ಇನ್ನೂ ಆಗಿಲ್ಲ.