ಕಾಯಿಕೊರಕವನ್ನು ಚೆಂಡು ಹೂವಿಗೆ ಸೆಳೆಯುವುದು ಹೇಗೆ?

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಟೊಮೆಟೊ ತೋಟಗಳಲ್ಲಿ ಚೆಂಡು ಹೂ ಹೊಸದಲ್ಲ. ಆದರೆ ಅದರ ವಾಸನೆಗೆ ಹುಳು ಹತ್ತಿರ ಸುಳಿಯುವುದಿಲ್ಲವೆಂದು ನಂಬಿ ಬದುವಿನ ಮೇಲೆ ನೆಟ್ಟವರೇ ಹೆಚ್ಚು. ನಿಜವೆಂದರೆ, ಟೊಮೆಟೊ ಕಾಯಿಯನ್ನು ಕೊರೆದು ತಿನ್ನುವ ಹುಳುವಾದ ಕಾಯಿಕೊರಕದ ತಾಯಿ ಪತಂಗಕ್ಕೆ ಮೊಟ್ಟೆಯಿಡಲು ಟೊಮೆಟೊಗಿಂತ ಚೆಂಡು ಹೂವಿನ ಮೊಗ್ಗೇ ಹೆಚ್ಚು ಇಷ್ಟ. ಆದ್ದರಿಂದ ಪತಂಗವನ್ನು ಟೊಮೆಟೊ ಬಿಟ್ಟು ತನ್ನತ್ತ ಸೆಳೆಯಲು ಈ ಗಿಡ ತೋಟದ ಸಾಲುಗಳ ನಡುವೆಯೇ ಇರಬೇಕು.

ರೈತರು ಎಡವುವುದು ಸಸಿಯ ವಯಸ್ಸಿನಲ್ಲಿ. 40 ದಿನದ ಚೆಂಡು ಹೂವಿನ ಸಸಿ ಮತ್ತು 25 ದಿನದ ಟೊಮೆಟೊ ಸಸಿಯನ್ನು ಒಂದೇ ಸಲ, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವಿನಂತೆ ನೆಡಬೇಕೆಂಬುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸು. ನರ್ಸರಿಯಿಂದ ಎರಡನ್ನೂ ಒಂದೇ ವಯಸ್ಸಿನಲ್ಲಿ ತಂದು ನೆಟ್ಟರೆ, ಟೊಮೆಟೊ ಹೂ ಬಿಡುವ ಹೊತ್ತಿಗೆ ಚೆಂಡು ಗಿಡದಲ್ಲಿ ಮೊಗ್ಗೇ ಇರುವುದಿಲ್ಲ. ಪತಂಗ ನೇರವಾಗಿ ಟೊಮೆಟೊಗೇ ಬರುತ್ತದೆ. ಹೀಗಾಗಿ ಚೆಂಡು ಹೂವಿನ ಬೀಜವನ್ನು 15 ದಿನ ಮೊದಲೇ ಹಾಕಿಸಿ, ಮುಂಗಡ ಕೊಡುವಾಗಲೇ ಬಿತ್ತನೆಯ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಎತ್ತರದ ಆಫ್ರಿಕನ್ ತಳಿಯೇ ಆಗಬೇಕು. ಕುಂಡದಲ್ಲಿ ಬೆಳೆಸುವ ಗಿಡ್ಡ ತಳಿ ಬೇಡವೇ ಬೇಡ.

ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಲಿಂಗಾಕರ್ಷಕ ಬಲೆಗಳನ್ನು ಎಕರೆಗೆ ಐದರಂತೆ, ಗಿಡದ ತುದಿಗಿಂತ ಒಂದಡಿ ಮೇಲೆ ಕಟ್ಟಿದರೆ ಸಾಕು. ಅದಕ್ಕೆ ಗಂಡು ಪತಂಗಗಳು ಮಾತ್ರ ಬೀಳುವುದರಿಂದ ಕೀಟ ಬಂದಿರುವ ಸುಳಿವಿಗಷ್ಟೇ ಅದನ್ನು ನಂಬಬೇಕು. ಖರ್ಚು ಉಳಿಯಲೆಂದು ಕಾಯಿಕೊರಕದ ಲ್ಯೂರ್ (ವಾಸನೆ ಸೂಸುವ ಬಿಲ್ಲೆ) ಮತ್ತು ಟೊಮೆಟೊದ ಇನ್ನೊಂದು ಕೀಟವಾದ ಟ್ಯೂಟಾದ ಲ್ಯೂರ್ ಎರಡನ್ನೂ ಒಂದೇ ಬಲೆಗೆ ತೂಗುಹಾಕಬಾರದು.

ಟೊಮೆಟೊ ಸಾಲುಗಳಿಗೆ ಬೇವಿನ ಬೀಜದ ಕಷಾಯವನ್ನು ಲೀಟರಿಗೆ 50 ಗ್ರಾಂ ಬೀಜದ ಪುಡಿಯ ಲೆಕ್ಕದಲ್ಲಿ ಮಾಡಿ, ಸೋಸಿ ಸಿಂಪಡಿಸಬೇಕು. ಇದು ಮೊಟ್ಟೆಯಿಡಲು ಬರುವ ಪತಂಗವನ್ನು ಹಿಂಜರಿಯುವಂತೆ ಮಾಡುತ್ತದೆ. ಪಂಪು ಹೊತ್ತವರು ಸಾಮಾನ್ಯವಾಗಿ ಒಂದೇ ಓಟದಲ್ಲಿ ಚೆಂಡು ಗಿಡಗಳಿಗೂ ಹೊಡೆದುಬಿಡುತ್ತಾರೆ. ಹಾಗಾದರೆ ಕರೆದ ಪತಂಗವನ್ನು ಬಾಗಿಲಲ್ಲೇ ಓಡಿಸಿದಂತೆ. ಬೇವಿನ ಕೀಟನಾಶಕ ಸತ್ವವಾದ ಅಜಾಡಿರಾಕ್ಟಿನ್ ಪ್ರಮಾಣ ಮುದ್ರಿಸದ ಬೇವಿನ ಎಣ್ಣೆಯ ಬಾಟಲಿಗೆ ಹಣ ಸುರಿಯಬೇಡಿ.

ಚೆಂಡು ಗಿಡ ಮೊಗ್ಗು ಬಿಟ್ಟ ಮೇಲೆ ವಾರಕ್ಕೆರಡು ಬಾರಿ ಬಗ್ಗಿ ನೋಡಬೇಕು. ಗಸಗಸೆಗಿಂತಲೂ ಸಣ್ಣದಾದ, ಬಿಳಿಹಳದಿ ಬಣ್ಣದ ಮೊಟ್ಟೆಗಳು ಒಂದೊಂದಾಗಿ ಅಂಟಿಕೊಂಡಿರುತ್ತವೆ. ಮರಿಹುಳು ಕಾಣತೊಡಗಿದೊಡನೆ ಕಾಯಿಕೊರಕಕ್ಕೆ ರೋಗ ತಂದು ಕೊಲ್ಲುವ ವೈರಾಣುವಾದ ಎನ್‌ಪಿವಿಯ ದ್ರಾವಣವನ್ನು ಸಂಜೆಯೇ ಸಿಂಪಡಿಸಬೇಕು, ಏಕೆಂದರೆ ಬಿಸಿಲಿನಲ್ಲಿ ಆ ವೈರಾಣು ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೂವನ್ನು ಹಬ್ಬಕ್ಕೆ ಮಾರಲು ಅಡ್ಡಿಯಿಲ್ಲ, ಆದರೆ ಗಿಡವನ್ನು ಪೂರ್ತಿ ಬರಿದು ಮಾಡಬಾರದು. ಹುಳು ಹೊಕ್ಕ ಹೂವನ್ನು ಸಾಲಿನಲ್ಲೇ ಎಸೆದರೆ ಹುಳು ಪಕ್ಕದ ಟೊಮೆಟೊ ಗಿಡ ಹತ್ತುತ್ತದೆ. ಅಂಥ ಹೂವನ್ನು ಹಾಕಲು ಕೊಯ್ಯುವವರ ಕೈಯಲ್ಲಿ ಸೋಪು ನೀರಿನ ಬಕೆಟ್ಟೊಂದು ಇರಲಿ.