ಪೊಲೀಸ್ ಬ್ಯಾಡ್ಜ್ ಇಲ್ಲದೆ ವರ್ಜೀನಿಯಾದ ಪಾಲಿಗ್ರಾಫ್ ಲೈಸೆನ್ಸ್: ನನ್ನ ಅನುಭವ

"ಪೊಲೀಸ್ ಕೆಲಸ ಮಾಡದವರಿಗೆ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ ಮಾಡೋ ಲೈಸೆನ್ಸ್ ಸಿಗಲ್ಲ" ಅಂದವರಿಗೆಲ್ಲ ಲೈಸೆನ್ಸಿನ ಫೋಟೋ ಕಳಿಸಿದೆ. ಯಾರೂ ಉತ್ತರ ಕೊಟ್ಟಿಲ್ಲ. ಎರಡು ವರ್ಷದ ಅವಧಿ ಮುಗಿದು ಈಗ ನವೀಕರಣವೂ ಆಯಿತು.

ಪೊಲೀಸನೇ ಆಗಿರಬೇಕು ಅಂತ ಅಮೆರಿಕದ ವರ್ಜೀನಿಯಾ ರಾಜ್ಯದ ಕಾನೂನಿನಲ್ಲಿಲ್ಲ. ತನಿಖೆಯ ಅನುಭವ ಇಲ್ಲದವರಿಗೆ ಡಿಗ್ರಿಯ ದಾರಿ ಇದೆ. ನಾನು ಹಿಡಿದದ್ದು ಅದನ್ನೇ. ಆದರೆ ನಮ್ಮ ಮೂರು ವರ್ಷದ ಬಿ.ಎಸ್‌ಸಿ.ಯನ್ನು ಇಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಮೌಲ್ಯಮಾಪನದವರು ಒಪ್ಪಲಿಲ್ಲ. ಎಂ.ಎಸ್‌ಸಿ.ಯನ್ನೂ ಸೇರಿಸಿ, ವಿಷಯವಾರು ವರದಿ ಮಾಡಿಸಿದ ಮೇಲೆ ದಾರಿಗೆ ಬಂದರು. ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ಕಳಿಸೋಕೆ ಊರಲ್ಲಿ ನನ್ನ ತಮ್ಮ ಪಟ್ಟ ಪಾಡು ಅವನಿಗೇ ಗೊತ್ತು.

ಪಾಲಿಗ್ರಾಫ್ ಕಲಿಸುವ ಶಾಲೆಯದು ಜಾಸ್ತಿ ಹೇಳೋದಿಲ್ಲ. ಎಪಿಎ (ಅಮೆರಿಕನ್ ಪಾಲಿಗ್ರಾಫ್ ಅಸೋಸಿಯೇಷನ್) ಮಾನ್ಯತೆಯದು, ಹತ್ತು ವಾರ, 400 ಗಂಟೆ. ಫೀಸು ಆರೂವರೆ ಸಾವಿರ ಡಾಲರ್ ಆಸುಪಾಸು. ಮೋಟೆಲ್, ಊಟ ಸೇರಿ ಇನ್ನೊಂದು ನಾಲ್ಕೈದು ಸಾವಿರ. ಲ್ಯಾಫಯೆಟ್ ಕಂಪನಿಯ ಸೆಕೆಂಡ್ ಹ್ಯಾಂಡ್ ಪಾಲಿಗ್ರಾಫ್ ಮೆಷಿನ್ ನಾಲ್ಕು ಸಾವಿರದ ಮೇಲೆ. ಕ್ಲಾಸಿನಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಇಲಾಖೆಯೇ ಫೀಸು ಕಟ್ಟಿತ್ತು. ಮನೆಯಲ್ಲಿ ಏನು ಕೇಳಿಸಿಕೊಂಡೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಿಜವಾದ ಗೋಡೆ ಇಂಟರ್ನ್‌ಶಿಪ್. ಲೈಸೆನ್ಸ್ ಇರುವ ಒಬ್ಬರ ಕೈಕೆಳಗೆ ಟೆಸ್ಟ್ ಮಾಡಬೇಕು. ಸಿಕ್ಕವರಿಗೆಲ್ಲ ಪತ್ರ ಬರೆದೆ. ಹೆಚ್ಚಿನವರು ಸುಮ್ಮನಾದರು. ಒಬ್ಬರು ಐದು ಸಾವಿರ ಡಾಲರ್ ಕೇಳಿದರು. ಇನ್ನೊಬ್ಬರು, ಲೈಸೆನ್ಸ್ ಬಂದ ಮೇಲೆ ಸುತ್ತಲಿನ ಕೌಂಟಿಗಳಲ್ಲಿ ಕೆಲಸ ಮಾಡಲ್ಲ ಅಂತ ಸಹಿ ಹಾಕು ಅಂದರು. ಅವರ ಭಯ ನನಗೂ ಅರ್ಥವಾಗುತ್ತದೆ. ಇವನಿಗೆ ಕಲಿಸಿದರೆ ನಾಳೆ ನಮ್ಮ ವಕೀಲರನ್ನೇ ಎಳೆದುಕೊಳ್ಳುತ್ತಾನೆ ಅನ್ನೋ ಲೆಕ್ಕ.

ಆಗ ಜಾಗ ಕೇಳುವುದನ್ನೇ ನಿಲ್ಲಿಸಿದೆ. ಹಿರಿಯ ಪರೀಕ್ಷಕರೊಬ್ಬರಿಗೆ, "ಹೆಸರು, ಕೇಸು ಎಲ್ಲ ತೆಗೆದು ಹಳೇ ಟೆಸ್ಟಿನ ಗೆರೆಗಳ ಚಾರ್ಟ್ ಕೊಡಿ. ಯಾರದು ಅಂತ ಗೊತ್ತಿಲ್ಲದೆಯೇ ಅಂಕ ಹಾಕಿ ಕೊಡ್ತೀನಿ, ದುಡ್ಡು ಬೇಡ" ಅಂದೆ. ಒಪ್ಪಿದರು. ಒಂದೊಂದು ಚಾರ್ಟಿಗೂ ಇಎಸ್‌ಎಸ್ (ಎಂಪಿರಿಕಲ್ ಸ್ಕೋರಿಂಗ್ ಸಿಸ್ಟಮ್) ಅನ್ನೋ ಅಂಕ ಹಾಕುವ ಪದ್ಧತಿಯಲ್ಲಿ ಒಂದು ಸಲ, ಏಳು ಅಂಕದ ಪದ್ಧತಿಯಲ್ಲಿ ಇನ್ನೊಂದು ಸಲ. ಉಸಿರು ಬೇಕಂತಲೇ ತಡೆದ ಕಡೆ, ಕಾಲು ಅಲ್ಲಾಡಿಸಿದ ಕಡೆ ಗುರುತು ಹಾಕಿದೆ. ಅಭಿಪ್ರಾಯ ಕೊಡಲಾಗದ ಚಾರ್ಟಿಗೆ ಹಾಗಂತಲೇ ಬರೆದೆ. ಅದೇ ಅವರಿಗೆ ಹಿಡಿಸಿದ್ದು. ಸ್ನೇಹಿತರು ಬಿಟ್ಟಿ ಗುಮಾಸ್ತ ಅಂತ ನಕ್ಕರು. ಮೂರು ತಿಂಗಳ ಹೊತ್ತಿಗೆ ಆ ಪರೀಕ್ಷಕರೇ ಫೋನ್ ಮಾಡಿ, ಸೋಮವಾರದಿಂದ ಬಾ ಅಂದರು. ನೋಂದಣಿ ಅರ್ಜಿ ಆಮೇಲೆ ಹಾಕಿದೆ. ಇಂಟರ್ನ್ ನೋಂದಣಿಗೆ ಕಾಲಮಿತಿ ಇದೆ. ಮೊದಲೇ ಮಾಡಿಸಿ ಗುರು ಹುಡುಕುತ್ತಾ ಕೂತರೆ ದಿನ ಸುಮ್ನೆ ಕಳೆದುಹೋಗುತ್ತದೆ. ಯಾವ ಬಗೆಯ ಚಾರ್ಟನ್ನು ಮೊದಲು ಕೇಳಿ ಪಡೆದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರ ಇಂಟರ್ನ್ ಆಗಿ ಬರುವವರಿಗೆ. ಲೈಸೆನ್ಸಿನ ಬರವಣಿಗೆ ಪರೀಕ್ಷೆ ಮೊದಲ ಸಲಕ್ಕೇ ಪಾಸು.

ಚಳಿಗಾಲದಲ್ಲಿ ಬೇರೆ ಕಾಟ. ಹೀಟರ್ ಗಾಳಿಗೆ ಬೆರಳು ಒಣಗಿ ಇಡಿಎ ಗೆರೆ, ಅಂದರೆ ಬೆವರಿನಿಂದ ಚರ್ಮದ ವಿದ್ಯುತ್ತಿನಲ್ಲಾಗುವ ಬದಲಾವಣೆ ತೋರಿಸುವ ಗೆರೆ, ಏಳೋದೇ ಇಲ್ಲ. ಲೋಹದ ಪ್ಲೇಟ್ ಬಿಟ್ಟು ಅಂಟುವ ಜೆಲ್ ಪ್ಯಾಡ್ ಹಾಕಿದೆ, ಅಂಗೈಗೆ ಹಾಕಿ ನೋಡಿದೆ, ಕೋಣೆಗೆ ತೇವ ಹೆಚ್ಚಿಸುವ ಯಂತ್ರ ತಂದೆ. ಜೆಲ್ ಪ್ಯಾಡ್ ಅಂಗೈಗೆ ಹಾಕಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಯುಗಾದಿ ಊಟಕ್ಕೆ ಬಂದ ಗೆಳೆಯರ ಮೇಲೆ ನಂಬರ್ ಟೆಸ್ಟ್ (ಒಂದು ಸಂಖ್ಯೆ ಆರಿಸಿಕೊಂಡು ಅದನ್ನು ಅಲ್ಲ ಅನ್ನೋ ಅಭ್ಯಾಸದ ಟೆಸ್ಟ್) ಮಾಡಿದ್ದೂ ಉಂಟು. ಹೋಳಿಗೆ ಉಂಡು ಅರ್ಧ ನಿದ್ದೆಯಲ್ಲಿದ್ದವರ ಚಾರ್ಟಿನಲ್ಲಿ ಏನೂ ಸಿಗಲಿಲ್ಲ.

ಈಗ ಲೈಂಗಿಕ ಅಪರಾಧಿಗಳ ಚಿಕಿತ್ಸೆಯ ಭಾಗವಾಗಿ ಮಾಡುವ ಟೆಸ್ಟಿಗೆ 250 ಡಾಲರ್ ಸಿಗುತ್ತದೆ, ಕೆಲಸ ಸತತ. ವಕೀಲರು ಕಳಿಸಿದರೆ 600. ವರ್ಜೀನಿಯಾ ಕೋರ್ಟಿನಲ್ಲಿ ನಮ್ಮ ಫಲಿತಾಂಶ ಸಾಕ್ಷಿಯಾಗಿ ನಡೆಯಲ್ಲ, ಆದರೂ ರಾಜಿ ಮಾತುಕತೆಗೆ ಮುಂಚೆ ಅವರಿಗೆ ಅದು ಬೇಕು. ಖಾಸಗಿ ಕಂಪನಿ ಕೆಲಸ ಕಮ್ಮಿ, ತಲೆನೋವು ಜಾಸ್ತಿ. ನೌಕರರ ಪಾಲಿಗ್ರಾಫ್ ಬಗ್ಗೆ ಇರುವ ಅಮೆರಿಕದ 1988ರ ಕೇಂದ್ರ ಕಾನೂನಿನ ಪ್ರಕಾರ ಪರೀಕ್ಷಕನಿಗೆ 50,000 ಡಾಲರ್ ಬಾಂಡ್ ಅಥವಾ ಅಷ್ಟೇ ಮೊತ್ತದ ವಿಮೆ ಇರಬೇಕು. ಟೆಸ್ಟ್ 90 ನಿಮಿಷಕ್ಕೆ ಕಮ್ಮಿ ಆಗಬಾರದು, ದಿನಕ್ಕೆ ಐದರ ಮೇಲೆ ಮಾಡಬಾರದು, ದಾಖಲೆ ಮೂರು ವರ್ಷ ಇಡಬೇಕು. ನಾನಂತೂ ದಿನಕ್ಕೆ ಎರಡೇ ಮಾಡೋದು. ಐದು ಮಾಡಿದವನ ಐದನೇ ಚಾರ್ಟನ್ನು ನಾನು ನಂಬಲ್ಲ.

ಬೆಂಗಳೂರಿನ ಗೆಳೆಯರು ಅಲ್ಲೂ ಶುರು ಮಾಡೋಣ ಅಂತಾರೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2010ರ ತೀರ್ಪನ್ನು ಮೊದಲು ಓದಿ, ಒಪ್ಪಿಗೆ ಇಲ್ಲದೆ ಯಾರನ್ನೂ ಕೂರಿಸೋ ಹಾಗಿಲ್ಲ ಅಂತೀನಿ. ಫ್ಲೋರಿಡಾಕ್ಕೋ ಕ್ಯಾಲಿಫೋರ್ನಿಯಾಕ್ಕೋ ಹೋಗು, ಅಲ್ಲಿ ಲೈಸೆನ್ಸೇ ಬೇಡ ಅಂತ ಇಲ್ಲಿನವರೂ ಹೇಳಿದ್ದರು. ಲೈಸೆನ್ಸ್ ಬೇಡದ ಕಡೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅಲ್ಲಿ ನನ್ನ 600 ಡಾಲರ್ ಯಾರು ಕೊಡ್ತಾರೆ?